ಗ್ಯಾಸಿನ ಗುಳಿಗಿಯ ಬಾಲಕ್ಕೊಂದು ‘ಡಿ’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಇವಕ್ಕೆ ವಿಜಾಪುರ ಸೇರಿಸಿದರೆ ನಮ್ಮ ಜಿಲ್ಲೆಯ ಹಳೇ ಐದು ತಾಲೂಕು ಮುಗಿದವು (ಈಗ ಚಡಚಣ, ತಾಳಿಕೋಟೆ ಅಂತ ಹೊಸವು ಬಂದಿವೆ, ನನ್ನ ಬಾಯಿಗೆ ಇನ್ನೂ ರೂಢಿಯಾಗಿಲ್ಲ). ಈ ನಾಲ್ಕರಲ್ಲಿ ಯಾವ ಊರಿನ ಔಷಧಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತೆ: “ಗ್ಯಾಸಿನ ಗುಳಿಗಿ ಕೊಡ್ರಿ. ಸಾದಾ ಬ್ಯಾಡ, ಡಿ ಇರೂದು ಕೊಡ್ರಿ.” ಎದಿ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ ಎಲ್ಲಕ್ಕೂ ನಮ್ಮ ಕಡೆ ಒಂದೇ ಹೆಸರು, ಗ್ಯಾಸ್. ಕಡಕ್ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ತಿನ್ನೋ ಸೀಮೆ, ಗ್ಯಾಸ್ ಆಗದೆ ಇರುತ್ಯೇ ಅಂತೀರಾ? ಇರಲಿ ಬಿಡಿ, ಇವತ್ತು ಊಟದ ವಿಷಯ ಅಲ್ಲ. ಆ ‘ಡಿ’ ಎಲ್ಲಿಂದ ಬಂತು ಅನ್ನೋದು ವಿಷಯ.

ಗುಳಿಗೆಯಲ್ಲಿ ಎರಡು ಔಷಧಿ ಇರುತ್ತವೆ. ಪ್ಯಾಂಟೊಪ್ರಝೋಲ್ ಅಥವಾ ರಾಬೆಪ್ರಝೋಲ್ ಹೊಟ್ಟೆಯಲ್ಲಿ ಆಮ್ಲ ತಯಾರಾಗೋದನ್ನು ತಗ್ಗಿಸುತ್ತೆ. ಇನ್ನೊಂದು ಡಾಂಪೆರಿಡೋನ್, ಅದೇ ‘ಡಿ’. ಇದಕ್ಕೂ ಆಮ್ಲಕ್ಕೂ ಸಂಬಂಧವಿಲ್ಲ. ಜಠರದ ಚಲನೆಗೆ ತಡೆ ಹಾಕುವ ಡೋಪಮಿನ್ ಅನ್ನೋ ರಾಸಾಯನಿಕದ ಬಾಯಿ ಮುಚ್ಚಿಸಿ, ಉಂಡದ್ದನ್ನು ಬೇಗ ಕೆಳಗೆ ತಳ್ಳಿಸೋದು ಇದರ ಕೆಲಸ.

ಈ ಜಾತಿಯ ಔಷಧಿಗಳ ಕಥೆ ಶುರುವಾಗೋದು ಫ್ರಾನ್ಸಿನಲ್ಲಿ. 1964ರಲ್ಲಿ ಜಸ್ಟಿನ್-ಬೆಸಾನ್ಸೋನ್ ಮತ್ತು ಲಾವಿಲ್ ಎಂಬಿಬ್ಬರು ಮೆಟೊಕ್ಲೊಪ್ರಮೈಡ್ ಬಗ್ಗೆ ಬರೆದರು. ನಮ್ಮಲ್ಲಿ ಪೆರಿನಾರ್ಮ್ ಅಂದರೆ ಗೊತ್ತಾದೀತು, ವಾಂತಿ ನಿಲ್ಲೋದಕ್ಕೆ ಚುಚ್ಚುತ್ತಿದ್ದ ಸೂಜಿ. ತೊಂದರೆ ಏನಂದರೆ ಅದು ಮಿದುಳಿಗೂ ಹೋಗುತ್ತೆ. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಎಳೆ ವಯಸ್ಸಿನವರಿಗೆ, ಕತ್ತು ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತೆ. ಹಳ್ಳಿಯಲ್ಲಿ ಇದನ್ನು ನೋಡಿ ಗಾಳಿ ಸೋಕ್ಯದ ಅಂದರೆ ಆಶ್ಚರ್ಯ ಪಡಬೇಕಿಲ್ಲ, ನೋಡೋಕೆ ಹಾಗೇ ಇರುತ್ತೆ. ಸರಿಯಾದ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತೆ. ಇಳಿಯದೇ ಇರೋದು ಇನ್ನೊಂದಿದೆ: ತಿಂಗಳುಗಟ್ಟಲೆ ತಗೊಂಡವರಲ್ಲಿ ತುಟಿ, ನಾಲಿಗೆ ತಾವಾಗೇ ಆಡುತ್ತಾ ಇರೋ ಕಾಯಿಲೆ. 2009ರಲ್ಲಿ ಅಮೆರಿಕದ ಔಷಧ ಇಲಾಖೆ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2013ರಲ್ಲಿ ಯುರೋಪು, ಐದು ದಿನಕ್ಕಿಂತ ಹೆಚ್ಚು ಕೊಡಬೇಡಿ, ಎದೆಯುರಿಯಂಥ ದೀರ್ಘ ಕಾಯಿಲೆಗೆ ಕೊಡಲೇಬೇಡಿ ಅಂತು.

ಮಿದುಳಿಗೆ ಹೋಗದ ಔಷಧಿ ಬೇಕು ಅಂತ ಹುಡುಕಿದವರು ಬೆಲ್ಜಿಯಂನ ಜಾನ್ಸೆನ್ ಕಂಪನಿಯವರು. ಮಾನಸಿಕ ಕಾಯಿಲೆಗೆ ಕೊಡೋ ಹಾಲೋಪೆರಿಡಾಲ್ ಅನ್ನು 1958ರಲ್ಲಿ ಕಂಡುಹಿಡಿದದ್ದು ಪಾಲ್ ಜಾನ್ಸೆನ್ನರ ಇದೇ ಪ್ರಯೋಗಾಲಯ. 1974ರಲ್ಲಿ ಅಲ್ಲಿ ಡಾಂಪೆರಿಡೋನ್ ಹುಟ್ಟಿತು. ಇದು ಮಿದುಳಿನ ಬಾಗಿಲು ದಾಟೋದು ತೀರಾ ಕಡಿಮೆ, ಕತ್ತು ತಿರುಚೋದೂ ಅಪರೂಪ. ಎಲ್ಲರಿಗೂ ಖುಷಿಯಾಯ್ತು. ಆದರೆ ಕ್ಯಾನ್ಸರ್ ರೋಗಿಗಳಿಗೆ ನರದ ಮೂಲಕ ಕೊಟ್ಟಾಗ ಕೆಲವರ ಹೃದಯ ನಿಂತುಹೋಯ್ತು. 1980ರ ದಶಕದ ಮಧ್ಯದಲ್ಲಿ ಇಂಜೆಕ್ಷನ್ ವಾಪಸು ಹೋಯ್ತು, ಗುಳಿಗೆ ಉಳೀತು.

ಅದೇ ಜಾನ್ಸೆನ್ ಮನೆಯ ಮುಂದಿನ ಕೂಸು ಸಿಸಾಪ್ರೈಡ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1993ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ದೊಡ್ಡವರ ರಾತ್ರಿ ಎದೆಯುರಿಗೆ ಮಾತ್ರ. ಕೊಟ್ಟದ್ದು ಹಾಲು ಕಕ್ಕೋ ಹಸುಗೂಸುಗಳಿಗೂ. ಅನುಮತಿ ಒಂದಕ್ಕೆ, ಬಳಕೆ ಇನ್ನೊಂದಕ್ಕೆ! ಹೃದಯದ ಪ್ರತಿ ಬಡಿತದ ನಂತರ ಅದರ ವಿದ್ಯುತ್ತು ಮತ್ತೆ ಸಮಸ್ಥಿತಿಗೆ ಬರಬೇಕು. ಈ ಔಷಧಿ ಆ ದಾರಿಯನ್ನು ಅಡ್ಡಗಟ್ಟುತ್ತಿತ್ತು. ಜೊತೆಗೆ ಎರಿಥ್ರೊಮೈಸಿನ್ನೋ ಕೀಟೊಕೊನಜೋಲೋ ತಗೊಂಡರೆ ಯಕೃತ್ತು ಸಿಸಾಪ್ರೈಡನ್ನು ಕರಗಿಸದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತಿತ್ತು. 1999ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹೃದಯ ಬಡಿತ ಏರುಪೇರಾದ 341 ವರದಿ, ಅದರಲ್ಲಿ 80 ಸಾವು. 2000ದ ಮಾರ್ಚಿನಲ್ಲಿ ಕೆನಡಾದಲ್ಲಿ ಇದನ್ನು ತಗೊಳ್ತಿದ್ದ ವನೆಸಾ ಯಂಗ್ ಎಂಬ 15 ವರ್ಷದ ಹುಡುಗಿ ಸತ್ತಳು. ಅಪ್ಪ ಟೆರೆನ್ಸ್ ಯಂಗ್ ಬಿಡಲಿಲ್ಲ. ಮುಂದೆ ಸಂಸತ್ತಿಗೆ ಹೋಗಿ, 2014ರಲ್ಲಿ ಮಗಳ ಹೆಸರಿನಲ್ಲೇ ಕಾನೂನು ಆಗೋ ತನಕ ಬೆನ್ನು ಹತ್ತಿದರು. ಆ ಕಾನೂನಿನಿಂದ ಅಪಾಯಕಾರಿ ಔಷಧಿಯನ್ನು ಹಿಂದಕ್ಕೆ ಕರೆಸೋ ಅಧಿಕಾರ ಅಲ್ಲಿನ ಸರ್ಕಾರಕ್ಕೆ ಸಿಕ್ಕಿತು.

ಅಮೆರಿಕದಲ್ಲಿ ಸಿಸಾಪ್ರೈಡ್ ಮಾರಾಟ ನಿಂತದ್ದು 2000ದ ಜುಲೈ. ನಮ್ಮ ದೇಶದಲ್ಲಿ ನಿಷೇಧದ ಅಧಿಸೂಚನೆ ಬಂದದ್ದು 2011ರ ಫೆಬ್ರುವರಿ 10ಕ್ಕೆ. ನಡುವೆ ಹತ್ತೂವರೆ ವರ್ಷ. ಸುದ್ದಿ ಬರೋಕೆ ಹತ್ತು ವರ್ಷ ಬೇಕಾಗುವಂಥ ಕಾಲವೇನಲ್ಲ ಅದು, ಆಗ ನಾವೆಲ್ಲ ಬ್ಲಾಗ್ ಬರೆಯೋದನ್ನೂ ಕಲಿತಾಗಿತ್ತು :)

ಈಗ ನಮ್ಮ ‘ಡಿ’ಗೆ ಬರೋಣ. ಅಮೆರಿಕ ಡಾಂಪೆರಿಡೋನನ್ನು ಮಾರಾಟಕ್ಕೆ ಒಪ್ಪಲೇ ಇಲ್ಲ. ಎದೆಹಾಲು ಹೆಚ್ಚಲಿ ಅಂತ ತಾಯಂದಿರು ತರಿಸಿಕೊಳ್ಳುತ್ತಿದ್ದುದಕ್ಕೆ 2004ರಲ್ಲಿ ಎಚ್ಚರಿಕೆ ಕೊಟ್ಟಿತು. ಯುರೋಪು 2014ರಲ್ಲಿ ವಾಕರಿಕೆ, ವಾಂತಿಗೆ ಮಾತ್ರ ಅಂತ ಗೆರೆ ಎಳೆದು, ಹೊಟ್ಟೆ ಉಬ್ಬರ, ಎದೆಯುರಿಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ದಿನಕ್ಕೆ ಮೂರು ಸಲ 10 ಮಿಲಿಗ್ರಾಂ, ಸಾಮಾನ್ಯವಾಗಿ ಒಂದು ವಾರ, ಅಷ್ಟೇ. ನಮ್ಮಲ್ಲಿ ಆ ಮೂವತ್ತನ್ನೂ ನಿಧಾನಕ್ಕೆ ಕರಗೋ ಒಂದೇ ಕ್ಯಾಪ್ಸೂಲಿನಲ್ಲಿ ತುಂಬಿ, ಅದೇ ಎದೆಯುರಿಗೇ ಮಾರುತ್ತಾರೆ. ಪ್ರಮಾಣ ಮಿತಿ ದಾಟಿಲ್ಲ, ನಿಜ. ದಾಟಿರೋದು ದಿನಗಳು. 2022ರ ಅಮೆರಿಕದ ಜಠರತಜ್ಞರ ಮಾರ್ಗಸೂಚಿಯಂತೂ, ಜಠರ ನಿಧಾನವಾಗಿದೆ ಅಂತ ಪರೀಕ್ಷೆಯಲ್ಲಿ ಕಾಣದೆ ಇದ್ದರೆ ಎದೆಯುರಿಗೆ ಈ ಜಾತಿಯ ಯಾವುದೇ ಔಷಧಿ ಬೇಡ ಅಂತ ಹೇಳುತ್ತೆ.

ಎರಡು ಔಷಧಿ ಸೇರಿಸಿ ಒಂದೇ ಗುಳಿಗೆ ಮಾಡೋ ಚಟದ ವಿಚಾರಣೆ ನಡೆಸಿದ ಸಮಿತಿಯ ಮುಖ್ಯಸ್ಥರು ನಮ್ಮ ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೊಕಾಟೆ. ಅವರ ವರದಿ ಮೇಲೆ 2016ರ ಮಾರ್ಚಿನಲ್ಲಿ 344 ಜೋಡಿಗಳು ನಿಷೇಧವಾದವು. ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅದನ್ನು ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2018ರ ಸೆಪ್ಟೆಂಬರಿನಲ್ಲಿ 328 ಮತ್ತೆ ನಿಷೇಧವಾದವು. ಪ್ಯಾಂಟೊಪ್ರಝೋಲ್-ಡಾಂಪೆರಿಡೋನ್ ಜೋಡಿ ಮಾತ್ರ ಅಂಗಡಿಯಲ್ಲಿ ಈಗಲೂ ಆರಾಮಾಗಿದೆ.

ಇಷ್ಟೆಲ್ಲ ಓದೋಕೆ ಕಾರಣ ಮುದ್ದೇಬಿಹಾಳ ಕಡೆ ಇರೋ ನನ್ನ ಕಾಕಾ. ವಯಸ್ಸು ಅರವತ್ತು ದಾಟಿದೆ. ಆರು ವರ್ಷದಿಂದ ಬೆಳಿಗ್ಗೆ ಚಹಾಕ್ಕಿಂತ ಮುಂಚೆ ಒಂದು ‘ಡಿ’. ಕಳೆದ ಸಲ ಹೋದಾಗ ಸೊಂಟದ ಗಜಕರ್ಣಕ್ಕೆ ಅಂತ ಇಟ್ರಾಕೊನಜೋಲ್ ಸ್ಟ್ರಿಪ್ಪೂ ಅದರ ಪಕ್ಕದಲ್ಲೇ ಇತ್ತು. ಅದು ಕೀಟೊಕೊನಜೋಲಿನ ತಮ್ಮ. ಡಾಂಪೆರಿಡೋನ್ ಜೊತೆ ಕೊಡಲೇಬಾರದು ಅಂತ ಯುರೋಪು ಹೇಳಿದ ಗುಂಪಿನದು. ಎರಡನ್ನೂ ಬರೆದವರು ಬೇರೆ ಬೇರೆ ಡಾಕ್ಟರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಗ್ಯಾಸಿನ ಚೀಟಿಯಂತೂ ಯಾವಾಗಲೋ ಕಳೆದುಹೋಗಿದೆ, ಅಂಗಡಿಯವರು ಖಾಲಿ ಸ್ಟ್ರಿಪ್ ನೋಡಿ ಕೊಡ್ತಾರೆ.

“ಕಾಕಾ, ಇವೆರಡೂ ಕೂಡಿ ತಗೋಬಾರದಂತ್ರೀ” ಅಂದೆ.

“ಒಂದು ಹೊಟ್ಟಿಗೆ, ಒಂದು ತೊಗಲಿಗೆ. ಅವು ಯಾಕ ಕೂಡ್ತಾವೋ?” ಅಂದರು.

ಮರುದಿನ ಎರಡೂ ಸ್ಟ್ರಿಪ್ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಇ.ಸಿ.ಜಿ. ತೆಗೆಸಿದರು, ಪುಣ್ಯಕ್ಕೆ ಸರಿಯಿತ್ತು. ‘ಡಿ’ ನಿಲ್ಲಿಸಿ, ಬರೀ ಪ್ಯಾಂಟೊಪ್ರಝೋಲ್ ಒಂದು ತಿಂಗಳಿಗೆ ಬರೆದರು, ರಾತ್ರಿ ಊಟ ಏಳೂವರೆಗೆ ಮುಗಿಸಿ ಅಂದರು. ಸಾದಾ ಗುಳಿಗೆ ಮೊದಲನೇ ಅಂಗಡಿಯಲ್ಲಿ ಇರಲಿಲ್ಲ, ಡಿ ಇರೋದೇ ಒಯ್ಯಿರಿ ಅಂದರು. ಮೂರನೇ ಅಂಗಡಿಯಲ್ಲಿ ಸಿಕ್ಕಿತು.