ಮಿತವ್ಯಯದ ಸೂಕ್ಷ್ಮಶಿಲ್ಪ

ನಮ್ಮ ಕಿನ್ನಾಳದ ಚಿತ್ರಗಾರರು ಬೊಂಬೆಗೆ ಹಗುರವಾದ ಮರವನ್ನೇ ಆರಿಸಿಕೊಳ್ಳುವುದನ್ನು ನೀವು ಬಲ್ಲಿರಿ. ಬೇಡದ ಭಾರವನ್ನು ಬಿಡುವ ಈ ಜಾಣ್ಮೆಯನ್ನು ಉಗುರಿನಗಲದ ಸಿಲಿಕಾನ್ ಬಿಲ್ಲೆಯ ಮೇಲೆ ವಿದ್ಯುನ್ಮಂಡಲಗಳನ್ನು ರಚಿಸುವವರೂ ಕಲಿಯಬೇಕಾಯಿತು. ಆ ಕಲಿಕೆಯ ಚರಿತ್ರೆ ಸ್ವಾರಸ್ಯವಾದುದು.

1946ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದ ಎನಿಯಾಕ್ ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದವು; ಅದು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. 1958ರಲ್ಲಿ ಜಾಕ್ ಕಿಲ್ಬಿ ಒಂದೇ ತುಣುಕಿನಲ್ಲಿ ಇಡೀ ಮಂಡಲವನ್ನು ರೂಪಿಸಿ ತೋರಿಸಿದರು. ಗಾತ್ರ ಕುಗ್ಗಿತು, ಆದರೆ ಕಾವಿನ ಕಾಟ ತಪ್ಪಲಿಲ್ಲ. 1963ರಲ್ಲಿ ಫ್ರಾಂಕ್ ವಾನ್ಲಾಸ್ ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿ ಕೂಡಿಸುವ ‘ಸಿಮಾಸ್’ ವಿಧಾನವನ್ನು ಮುಂದಿಟ್ಟರು. ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರುತ್ತದೆ. ಸುಮ್ಮನಿರುವಾಗ ಬಹುಮಟ್ಟಿಗೆ ವಿದ್ಯುತ್ತೇ ಹರಿಯದು. ಮೊದಮೊದಲು ನಿಧಾನವೆನಿಸಿದ ಈ ವಿಧಾನ ಕೈಗಡಿಯಾರಗಳಲ್ಲಿ ಬಾಳಿ, ಮುಂದೆ ಗಣಕಗಳನ್ನೆಲ್ಲ ಆಳಿತು.

ಕೆಲಸದ ವೇಳೆಯಲ್ಲಾದರೋ ಪ್ರತಿಯೊಂದು ಸ್ವಿಚ್ಚೂ ತುಂಬಿ ಬರಿದಾಗುವ ಪುಟ್ಟ ಕೊಡದಂತೆ. ಅದರ ವೆಚ್ಚ ವೋಲ್ಟೇಜಿನ ವರ್ಗದಂತೆ ಏರುತ್ತದೆ. ಐದು ವೋಲ್ಟಿನಿಂದ ಒಂದು ವೋಲ್ಟಿಗಿಳಿದರೆ, ಉಳಿದುದೆಲ್ಲ ಸಮನಾಗಿದ್ದಲ್ಲಿ, ಖರ್ಚು ಇಪ್ಪತ್ತೈದರಲ್ಲಿ ಒಂದು ಪಾಲಾಗುತ್ತದೆ! ಅಳತೆಯೊಡನೆ ವೋಲ್ಟೇಜನ್ನೂ ಕುಗ್ಗಿಸುವ ಮಾರ್ಗವನ್ನು 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ವಿವರಿಸಿದರು. ಸುಮಾರು 2005ರ ವೇಳೆಗೆ ಆ ಹಾದಿ ಮುಗಿಯುತ್ತ ಬಂತು. ಸ್ವಿಚ್ಚು ತೀರ ಕಿರಿದಾದಾಗ ಮುಚ್ಚಿದ ಬಾಗಿಲಿನಿಂದಲೂ ವಿದ್ಯುತ್ತು ಸೋರುತ್ತದೆ. ಆದುದರಿಂದ ಕೆಲಸವಿಲ್ಲದ ಭಾಗಗಳನ್ನು ಆರಿಸುವುದು, ಹಗುರ ಕೆಲಸಕ್ಕೆ ವೋಲ್ಟೇಜು ಇಳಿಸುವುದು ವಿನ್ಯಾಸಕಾರರ ಮುಖ್ಯ ಚಿಂತೆಯಾಯಿತು.

ಈ ಚಿಂತನೆಯಲ್ಲಿ ಕನ್ನಡನಾಡಿಗೂ ಪಾಲುಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅದರ ಉಪಗ್ರಹ ಸಂಪರ್ಕದ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಬಂದಿತೆಂದು ಹೇಳುವುದುಂಟು. ಬಳಿಕ ಹಲವು ಸಂಸ್ಥೆಗಳು ಬಂದವು. ಚಿಪ್ಪಿನ ವಿನ್ಯಾಸವೇ ಇಲ್ಲಿ ಸಾವಿರಾರು ಜನರ ಕಸುಬಾಯಿತು.

ಇದರಿಂದ ನಮಗೇನು ಎಂದೀರಿ. ಕರೆಂಟು ಹೋದ ಇರುಳಿನಲ್ಲೂ ಹಳ್ಳಿಯವನ ಕೈಯ ಫೋನು ಮಾತನಾಡುತ್ತದೆ. ವೃದ್ಧರ ಕಿವಿಯ ಯಂತ್ರ ಸಣ್ಣ ಬ್ಯಾಟರಿಯಲ್ಲಿ ದಿನಗಟ್ಟಲೆ ನಡೆಯುತ್ತದೆ. ಆದರೆ ನನ್ನನ್ನು ಕಾಡುವ ಸಂಗತಿ ಬೇರೆ. ಒಂದೊಂದು ಲೆಕ್ಕ ಅಗ್ಗವಾದಷ್ಟೂ ನಾವು ಮಾಡಿಸುವ ಲೆಕ್ಕಗಳು ಬೆಳೆಯುತ್ತಿವೆ. ಅವನ್ನು ನಡೆಸುವ ದತ್ತಾಂಶ ಕೇಂದ್ರಗಳ ಹಸಿವೂ ಹೆಚ್ಚುತ್ತಿದೆ. ವಿನ್ಯಾಸಕಾರ ಹನಿಹನಿಯಾಗಿ ಉಳಿಸಿದುದನ್ನು ನಾವು ಕೊಡಕೊಡವಾಗಿ ಚೆಲ್ಲಬಾರದಷ್ಟೆ. ಮಿತವ್ಯಯವನ್ನು ಚಿಪ್ಪಿಗೆ ಕಲಿಸಿದ್ದಾಯಿತು. ನಾವು ಕಲಿಯುವುದು ಇನ್ನೂ ಉಳಿದಿದೆ.