ಯಂತ್ರಚಾಲಿತ ದೋಣಿ ಖರೀದಿಸುವವರ ಗಮನಕ್ಕೆ: ಹೊಸ ಮಾಲೀಕರಿಗೆ ನಷ್ಟ ತರುವ ತಪ್ಪುಗಳು

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು ಮತ್ತು ಅರಸೀಕೆರೆ ಭಾಗಗಳಲ್ಲಿ ಹೋಂ ಸ್ಟೇ, ಪ್ರವಾಸೋದ್ಯಮ ಅಥವಾ ಸ್ವಂತ ವಿಹಾರಕ್ಕಾಗಿ ಯಂತ್ರಚಾಲಿತ ದೋಣಿ ಹೊಂದಲು ಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೊಸ ಮಾಲೀಕರಿಗಾಗುವ ನಷ್ಟದ ದೊಡ್ಡ ಪಾಲು ದೋಣಿಯು ನೀರಿಗಿಳಿಯುವ ಮುನ್ನ ಅಥವಾ ದಡದಲ್ಲಿ ನಿಂತಿರುವ ತಿಂಗಳುಗಳಲ್ಲಿಯೇ ಸಂಭವಿಸುತ್ತದೆ ಎಂಬುದನ್ನು ಗಮನಿಸುವುದು.

1. ಅನುಮತಿಗೆ ಮುನ್ನ ಖರೀದಿ

ಯಗಚಿ ಮತ್ತು ಹೇಮಾವತಿ ಜಲಾಶಯಗಳು ಕಾವೇರಿ ನೀರಾವರಿ ನಿಗಮದ ವ್ಯಾಪ್ತಿಗೆ ಒಳಪಟ್ಟಿವೆ. ಕೆರೆಗಳು ಅವುಗಳ ಅಚ್ಚುಕಟ್ಟು ಪ್ರದೇಶಕ್ಕನುಗುಣವಾಗಿ ಸಣ್ಣ ನೀರಾವರಿ ಇಲಾಖೆ ಅಥವಾ ಪಂಚಾಯತ್ ಸಂಸ್ಥೆಗಳ ಅಧೀನದಲ್ಲಿರುತ್ತವೆ. ಯಗಚಿಯಲ್ಲಿ ಜಲಸಾಹಸ ಕ್ರೀಡೆಗಳು ನಡೆದಿರುವ ಮಾತ್ರಕ್ಕೆ ಖಾಸಗಿ ದೋಣಿಗೂ ಅವಕಾಶವಿದೆ ಎಂದು ಭಾವಿಸತಕ್ಕದ್ದಲ್ಲ. ಲಿಖಿತ ಅನುಮತಿ ದೊರೆತ ನಂತರವೇ ಮುಂಗಡ ಹಣ ನೀಡುವುದು ಸೂಕ್ತ.

ಹಳೇಬೀಡಿನ ದ್ವಾರಸಮುದ್ರ ಕೆರೆಯ ದಡದಲ್ಲಿ ಕಟ್ಟೆ ಅಥವಾ ಶೆಡ್ ನಿರ್ಮಿಸಬಯಸುವವರು ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ ತಿಳಿದಿರತಕ್ಕದ್ದು. ಅರಸೀಕೆರೆಯಂತಹ ಬಯಲುಸೀಮೆಯ ತಾಲ್ಲೂಕಿನಲ್ಲಿ ಮಳೆ ಕೊರತೆಯಾದ ವರ್ಷ ಕೆರೆಗಳಲ್ಲಿ ದೋಣಿ ತೇಲುವಷ್ಟು ನೀರು ಇರುವುದಿಲ್ಲ. ಸಾಲ ಪಡೆಯುವ ಮುನ್ನ ಹಿಂದಿನ ಕೆಲವು ವರ್ಷಗಳ ನೀರಿನ ಮಟ್ಟವನ್ನು ವಿಚಾರಿಸುವುದು.

2. ದಾಖಲೆ ಪರಿಶೀಲಿಸದೆ ಹಳೆಯ ದೋಣಿ ಖರೀದಿ

ಒಳನಾಡು ನೌಕೆಗಳ ಅಧಿನಿಯಮ, 2021 (1917ರ ಅಧಿನಿಯಮದ ಬದಲಿಗೆ ಬಂದದ್ದು) ಅನ್ವಯ ಯಂತ್ರಚಾಲಿತ ನೌಕೆಗೆ ಸರ್ವೆ ಪ್ರಮಾಣಪತ್ರ, ನೋಂದಣಿ ಮತ್ತು ವಿಮೆ ಅಗತ್ಯ. ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ದೋಣಿಯ ನೋಂದಣಿಯಾಗುವುದಿಲ್ಲ. ಅದನ್ನು ರಸ್ತೆಯಲ್ಲಿ ಸಾಗಿಸುವ ಟ್ರೇಲರ್ ಮಾತ್ರ ಅಲ್ಲಿ ನೋಂದಣಿಯಾಗುತ್ತದೆ. ಮೋಟಾರು ವಾಹನದ ಚಾಲನಾ ಪರವಾನಗಿಯು ದೋಣಿ ನಡೆಸಲು ಅರ್ಹತೆಯಾಗುವುದಿಲ್ಲ. ಹಳೆಯ ದೋಣಿಯನ್ನು ಕೊಳ್ಳುವವರು ಎಂಜಿನ್ ಸಂಖ್ಯೆಯು ದಾಖಲೆಗೆ ತಾಳೆಯಾಗುವುದೇ ಎಂದು ನೋಡಿ, ಮಾಲೀಕತ್ವವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳತಕ್ಕದ್ದು.

3. ಸ್ವರೂಪ ಬದಲಾವಣೆ ಮತ್ತು ಅತಿಭಾರ

ಅಗ್ಗವಾಗಿ ದೊರೆತ ಮೀನುಗಾರಿಕೆ ದೋಣಿಗೆ ಆಸನ, ಮೇಲ್ಛಾವಣಿ ಜೋಡಿಸಿ ಪ್ರವಾಸಿಗರನ್ನು ಕೂರಿಸುವುದು ಅತ್ಯಂತ ಅಪಾಯಕಾರಿ. ಮೇಲ್ಭಾಗದ ಭಾರ ಹೆಚ್ಚಿದಷ್ಟೂ ದೋಣಿಯ ಸಮತೋಲನ ಕೆಡುತ್ತದೆ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮಗುಚಿದ ಇಂತಹ ಮಾರ್ಪಡಿಸಿದ ದೋಣಿಯಲ್ಲಿ 22 ಮಂದಿ ಮೃತಪಟ್ಟರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ನಡೆದ ದುರಂತದಲ್ಲಿ 45 ಮಂದಿ ಪ್ರಾಣ ಕಳೆದುಕೊಂಡರು. ಪ್ರಮಾಣಪತ್ರದಲ್ಲಿ ನಮೂದಿಸಿದ ಸಂಖ್ಯೆಯನ್ನು ಮೀರಬಾರದು; ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ಧರಿಸಿಯೇ ಕೂರತಕ್ಕದ್ದು.

4. ತಳ ಅರಿಯದೆ ಚಾಲನೆ

ಜಲಾಶಯದ ಅಡಿಯಲ್ಲಿ ಮರದ ಬೊಡ್ಡೆ, ಬಂಡೆ, ಹಳೆಯ ಗೋಡೆಗಳಿರುತ್ತವೆ. ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಅವಶೇಷವು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಪುನಃ ಕಾಣಿಸುವುದು ಇದಕ್ಕೆ ನಿದರ್ಶನ. ನೀರು ಇಳಿಯುವ ತಿಂಗಳುಗಳಲ್ಲಿ ವೇಗವಾಗಿ ಸಾಗಿದರೆ ಪ್ರೊಪೆಲ್ಲರ್ ಮತ್ತು ಗೇರ್ ಹಾಳಾಗುತ್ತವೆ. ಚಾಲಕನು ತುರ್ತು ನಿಲುಗಡೆ ಹಗ್ಗವನ್ನು ಮೈಗೆ ಸಿಕ್ಕಿಸಿಕೊಂಡಿದ್ದಲ್ಲಿ, ನೀರಿಗೆ ಬಿದ್ದ ಕೂಡಲೇ ಎಂಜಿನ್ ನಿಲ್ಲುತ್ತದೆ.

5. ಎಂಜಿನ್ ಬಗ್ಗೆ ನಿರ್ಲಕ್ಷ್ಯ

ಅ) ಎಂಜಿನ್ ಚಾಲೂ ಇದೆಯೇ ಎಂದು ನೋಡಲು ನೀರಿಲ್ಲದೆ ಓಡಿಸಬಾರದು. ದೋಣಿಯ ಎಂಜಿನ್ ಹೊರಗಿನ ನೀರಿನಿಂದಲೇ ತಂಪಾಗುತ್ತದೆ; ಒಣಗಿದ ಪಂಪಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ.
ಆ) ಚಾಲನೆಯಲ್ಲಿ ಎಂಜಿನ್ನಿನಿಂದ ಹೊರಬರುವ ನೀರಿನ ಧಾರೆ ನಿಂತರೆ, ಜೊಂಡು ಅಥವಾ ಕಸ ಸಿಲುಕಿದೆ ಎಂದು ತಿಳಿದು ಕೂಡಲೇ ನಿಲ್ಲಿಸತಕ್ಕದ್ದು.
ಇ) ಎಥನಾಲ್ ಬೆರೆತ ಪೆಟ್ರೋಲ್ ತೇವಾಂಶವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಬಳಸಬಾರದು.
ಈ) ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದಲ್ಲಿ ಒಳಗೆ ನೀರು ಸೇರಿದೆ ಎಂದರ್ಥ. ಆಗ ಸೀಲ್ ಬದಲಿಸುವ ಸಣ್ಣ ವೆಚ್ಚವನ್ನು ಮುಂದೂಡಿದರೆ ಇಡೀ ಗೇರ್ ಭಾಗವನ್ನೇ ಬದಲಿಸಬೇಕಾಗುವುದು.
ಉ) ನೀರಿಗಿಳಿಸುವ ಮುನ್ನ ದೋಣಿಯ ತಳದ ಬಿರಡೆ ಹಾಕಿರುವುದನ್ನು ಖಚಿತಪಡಿಸಿಕೊಳ್ಳುವುದು.

ಅರ್ಜಿದಾರರ ಗಮನಕ್ಕೆ

ಮೊದಲು ಜಲಮೂಲದ ಅನುಮತಿ, ನಂತರ ದೋಣಿಯ ಆಯ್ಕೆ, ಸರ್ವೆ, ನೋಂದಣಿ ಮತ್ತು ವಿಮೆ, ಕೊನೆಯಲ್ಲಿ ಚಾಲನೆ: ಈ ಕ್ರಮವನ್ನು ಅನುಸರಿಸಿದಲ್ಲಿ ಅನಗತ್ಯ ವೆಚ್ಚ ಹಾಗೂ ಪ್ರಾಣಾಪಾಯ ಎರಡನ್ನೂ ತಪ್ಪಿಸಬಹುದಾಗಿದೆ. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.