ಯಾವೂರು? ಚೀಟಿ ಐತೇನು?

ರಬಕವಿಯಿಂದ ಬನಹಟ್ಟಿಗೆ ನಡಕೊಂಡೇ ಹೋಗಬಹುದು. ಈಗ ಎರಡಕ್ಕೂ ಒಂದೇ ನಗರಸಭೆ, ಒಂದೇ ತಾಲೂಕು. ಒಂದೂರು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಹೊರಗಿನವರಿಗೆ ತಿಳಿಯೋದೇ ಇಲ್ಲ. ಆದರೆ 1948ರವರೆಗೆ ಇದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ದಾರಿಯಾಗಿತ್ತು. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ, ಅಂದ್ರೆ ಜನರ ಬಾಯಲ್ಲಿ ‘ಖಾಲ್ಸಾ’. ಸೀರೆ ಗಂಟು ಹೊತ್ತು ಊರೂರು ತಿರುಗುವ ನೇಕಾರ ಒಂದೇ ದಿನದಲ್ಲಿ ಎರಡು ಮೂರು ಸರಕಾರಗಳ ಪೊಲೀಸರ ಕೈಕೆಳಗೆ ಹಾದು ಬರ್ತಿದ್ದ.

ನಾವು ‘ಫಾರಿನ್’ ಅಂದ ಕೂಡಲೇ ವಿಮಾನ ನೆನಸ್ಕೋತೀವಿ. ನಮ್ಮ ಮುತ್ತಜ್ಜಂದಿರಿಗೆ ಅದು ಹೊಲದ ಬದುವಿನ ಆಚೆಗೇ ಇತ್ತು. ಸಂಸ್ಥಾನದಲ್ಲಿ ಅಪರಾಧ ಮಾಡಿ ಬ್ರಿಟಿಷ್ ಸೀಮೆಗೆ ಓಡಿಹೋದವನನ್ನು ಹಿಡಿದು ಒಪ್ಪಿಸೋದಕ್ಕೆ 1903ರ ಇಂಡಿಯನ್ ಎಕ್ಸ್‌ಟ್ರಡಿಶನ್ ಆಕ್ಟ್ ಅಂತಲೇ ಒಂದು ಕಾಯ್ದೆ ಇತ್ತು. ಸಂಸ್ಥಾನದ ಪರವಾಗಿ ಪೊಲಿಟಿಕಲ್ ಏಜೆಂಟರು ವಾರಂಟ್ ಹೊರಡಿಸಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಗೆ ಹೋಗಬೇಕು, ಆಮೇಲೆ ಹಿಡಿಯೋದು. ಜಮಖಂಡಿಯ ಫೌಜದಾರ ಸೀದಾ ಬೀಳಗಿಗೆ ನುಗ್ಗಿ ಯಾರದೋ ಕೊರಳಪಟ್ಟಿ ಹಿಡಿಯುವಂತಿರಲಿಲ್ಲ. ಪೊಲೀಸನ ಕೈ ಎಷ್ಟು ಉದ್ದ ಅನ್ನೋದನ್ನ ಅವನ ಸಿಟ್ಟು ತೀರ್ಮಾನಿಸೋದಿಲ್ಲ, ಕಾಗದ ತೀರ್ಮಾನಿಸ್ತದೆ. ಈ ಸಂಗತಿ ನಮ್ಮ ಭಾಗದವರಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮೊದಲೇ ಗೊತ್ತಿತ್ತು.

ಹಳ್ಳಿಯೊಳಗೆ ಮಾತ್ರ ಕಥೆ ಬೇರೆ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಬ್ರಿಟಿಷ್ ಸೀಮೆಯ ಊರಿಗೆ ಒಬ್ಬ ಪೊಲೀಸ್ ಪಾಟೀಲ. ಹೊಸ ಮುಖ ಕಂಡರೆ ವಿಚಾರಿಸೋದು ಅವನ ಪಾಲಿಗೆ. ಚಾವಡಿ ಮುಂದೆ ಹಾದು ಹೋಗೋ ಪರವೂರಿನವನಿಗೆ ‘ಯಾವೂರಪಾ? ಯಾರ ಪೈಕಿ?’ ಅಂತ ಕೇಳಿದರೆ ಅದು ಕುಶಲವೋ ತನಿಖೆಯೋ ಹೇಳೋದು ಕಷ್ಟ. ಉತ್ತರ ಕೊಡುವವನ ಜಾತಿಯ ಮೇಲೆ ಅದು ನಿಂತಿರ್ತಿತ್ತು. ಯಾಕಂದ್ರೆ ಕೆಲವು ಸಮುದಾಯಗಳಿಗೆ ಸ್ವಂತ ಜಿಲ್ಲೆಯೇ ಪರದೇಶ. 1871ರ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯನ್ನು 1911ರಲ್ಲಿ ಹೊಸದಾಗಿ ಬರೆದು ಮುಂಬೈ ಪ್ರಾಂತ್ಯಕ್ಕೂ ತಂದರು. ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದ್ರೆ ಹೆಸರು ನೋಂದಣಿ, ಬೆರಳಚ್ಚು, ಹೇಳಿದ ಹೊತ್ತಿಗೆ ಹಾಜರಿ, ಊರು ಬಿಡಬೇಕಾದ್ರೆ ಪಾಸು. ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ವಸಾಹತುಗಳಾದವು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಅಂದ್ರೆ ಇವತ್ತಿಗೂ ಆಟೋದವರು ಕರಕೊಂಡು ಹೋಗಿ ಬಿಡ್ತಾರೆ, ಆ ಹೆಸರು ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ.

ಬೆರಳಚ್ಚಿನ ಮಾತು ಬಂತಲ್ಲ, ಅದರ ಪ್ರಯಾಣ ಸ್ವಲ್ಪ ನೋಡೋಣ. ಬೆರಳಚ್ಚನ್ನು ವರ್ಗೀಕರಿಸಿ ಹುಡುಕುವ ಪದ್ಧತಿ ಪಕ್ಕಾ ಆದದ್ದು ಬಂಗಾಳದಲ್ಲಿ. ಕಲಕತ್ತೆಯಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಪದ್ಧತಿಗೆ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಅದರ ಹಿಂದಿನ ಲೆಕ್ಕದ ಕೆಲಸ ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು. (ಕೋಡ್ ಬರೆದವನು ಒಬ್ಬ, ಡೆಮೊ ಕೊಟ್ಟವನು ಇನ್ನೊಬ್ಬ. ನಮ್ಮ ಕ್ಷೇತ್ರದವರಿಗೆ ಇದು ಹೊಸದೇನಲ್ಲ.) 1900ರಲ್ಲಿ ಹೆನ್ರಿಯನ್ನು ದಕ್ಷಿಣ ಆಫ್ರಿಕಾಕ್ಕೆ ಕಳಿಸಿದರು, ಜೋಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾದ ಪೊಲೀಸ್ ವ್ಯವಸ್ಥೆ ಕಟ್ಟಲಿಕ್ಕೆ.

ಆರೇ ವರ್ಷದಲ್ಲಿ ಅಲ್ಲಿದ್ದ ಭಾರತೀಯರ ಬಾಗಿಲಿಗೆ ಅದು ಬಂತು. ಟ್ರಾನ್ಸ್‌ವಾಲ್ ಸರಕಾರ 1906ರಲ್ಲಿ ತಂದ ಕರಡಿನ ಪ್ರಕಾರ ಎಂಟು ವರ್ಷ ದಾಟಿದ ಪ್ರತಿ ಭಾರತೀಯ ಹತ್ತೂ ಬೆರಳು ಒತ್ತಿ ನೋಂದಣಿ ಚೀಟಿ ಪಡೆಯಬೇಕು. ಪೊಲೀಸರು ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಅದನ್ನ ಕೇಳಬಹುದು, ಮನೆಯೊಳಗೂ ಬರಬಹುದು. ಗಾಂಧೀಜಿ ಹೆನ್ರಿಯ ಪುಸ್ತಕವನ್ನೇ ಓದಿ, ಕಾನೂನು ಪ್ರಕಾರ ಬೆರಳಚ್ಚು ಕೊಡಬೇಕಾದದ್ದು ಅಪರಾಧಿಗಳು ಮಾತ್ರ ಅಂತ ತಿಳಕೊಂಡರು. ಜನರಿಗೆ ಚುಚ್ಚಿದ್ದು ಮಸಿಯಲ್ಲ, ಆ ಸಾಲಿನಲ್ಲಿ ನಿಲ್ಲಿಸಿದ್ದು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದವರು ನೋಂದಣಿ ಮಾಡಿಸುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಮರುವರ್ಷ ಕಾಯ್ದೆ ಆಯಿತು. 1908ರ ಜನವರಿಯಲ್ಲಿ ಗಾಂಧೀಜಿಗೆ ಎರಡು ತಿಂಗಳ ಸಜೆ.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ನಡುವಿನ ತಿರುವು. ಜನರಲ್ ಸ್ಮಟ್ಸ್ ಜೊತೆ ರಾಜಿಯಾಗಿ, ಸ್ವಂತ ಇಚ್ಛೆಯಿಂದ ಬೆರಳು ಒತ್ತೋಣ ಅಂತ ಗಾಂಧೀಜಿಯೇ ಒಪ್ಪಿದರು. ಅದಕ್ಕಾಗಿ ತಮ್ಮವನೇ ಆದ ಒಬ್ಬ ಪಠಾಣನ ಕೈಲಿ ಬೀದಿಯಲ್ಲಿ ಪೆಟ್ಟೂ ತಿಂದರು. ಅಂದ್ರೆ ಜಗಳ ಬೆರಳಚ್ಚಿನದಷ್ಟೇ ಅಲ್ಲ. ಗುರುತು ಹೇಳೋದು ಬೇರೆ, ಹೇಳದಿದ್ದರೆ ನೀನು ಕಳ್ಳ ಅಂತ ಮೊದಲೇ ಬರೆದಿಡೋದು ಬೇರೆ. ಕಾಯ್ದೆ ವಾಪಸಾಗಲಿಲ್ಲ ಅಂತ ಗೊತ್ತಾದ ಮೇಲೆ, 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿಯೊಳಗೆ ಸಾವಿರಗಟ್ಟಲೆ ಚೀಟಿ ಸುಟ್ಟರು.

ಚೀಟಿ ಇದ್ದರೂ ಸಾಲದೇ ಹೋದ ಪ್ರಸಂಗವೂ ಇದೆ. 1925ರಲ್ಲಿ ಬ್ರಿಟನ್ ಕಪ್ಪು, ಕಂದು ಬಣ್ಣದ ವಿದೇಶಿ ಹಡಗಾಳುಗಳು ಪೊಲೀಸರಲ್ಲಿ ನೋಂದಾಯಿಸಬೇಕು ಅಂತ ಆಜ್ಞೆ ಮಾಡಿತು. ಭಾರತದ ಲಾಸ್ಕರುಗಳು ಕಾಗದದ ಮೇಲೆ ಬ್ರಿಟಿಷ್ ಪ್ರಜೆಗಳು, ಅವರಿಗೆ ಇದು ತಗಲಬಾರದು. ಆದರೆ ಕಾರ್ಡಿಫ್‌ನಂಥ ಬಂದರುಗಳಲ್ಲಿ ಪೊಲೀಸರು ಬಣ್ಣ ನೋಡಿಯೇ ಅವರನ್ನೂ ವಿದೇಶಿಯರ ಪಟ್ಟಿಗೆ ಸೇರಿಸಿದರು. ಹಡಗಿನಲ್ಲಿ ಕಲ್ಲಿದ್ದಲು ತುಂಬೋ ಕೆಲಸದವನ ಹತ್ತಿರ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

ಈಗ ನಮ್ಮ ಕಾಲಕ್ಕೆ ಬರೋಣ. ಬಾಗಲಕೋಟೆ ಜಿಲ್ಲೆಯ ಹುಡುಗರು ಬಿ.ಇ. ಮುಗಿಸಿ ಡಲ್ಲಾಸಿಗೋ ಫ್ರಾಂಕ್‌ಫರ್ಟಿಗೋ ಹೋಗ್ತಾರೆ. ಹೋಗುವ ಮೊದಲು ಪಾಸ್‌ಪೋರ್ಟಿಗಾಗಿ ಠಾಣೆಯವರು ಮನೆಗೆ ಬಂದಾಗ ಇಡೀ ಓಣಿ ಇಣುಕಿ ನೋಡಿರ್ತದೆ. ಪೊಲೀಸ್ ಅಂದ್ರೆ ಅವ್ವನ ಕೈ ನಡುಗೋದು ನಿಂತಿರೋದಿಲ್ಲ. ಆ ನಡುಕವನ್ನೇ ನಾವು ಬ್ಯಾಗಿನಲ್ಲಿ ಹಾಕ್ಕೊಂಡು ಹೋಗ್ತೀವಿ. ಹೀಗಾಗಿ ಅಲ್ಲಿನ ಪೊಲೀಸ್ ಕಾರು ಹಿಂದೆ ದೀಪ ಹಾಕಿದ ಕೂಡಲೇ, ಇಲ್ಲಿ ಫೌಜದಾರರಿಗೆ ಮರ್ಯಾದೆ ಕೊಡೋ ಹಾಗೆ ಗಡಬಡಿಸಿ ಕಾರಿನಿಂದ ಇಳಿದು ಹತ್ತಿರ ಹೋಗ್ತೀವಿ. ಅಮೆರಿಕದಲ್ಲಿ ಅದೇ ಅಪಾಯ. ಅಲ್ಲಿ ಮರ್ಯಾದೆ ಅಂದ್ರೆ ಕೂತಲ್ಲೇ ಕೂತು, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣೋ ಹಾಗೆ ಇಡೋದು.

ಚೀಟಿಯ ಮಾತಿಗೆ ಬಂದ್ರೆ, ಅಮೆರಿಕದಲ್ಲಿ 1940ರ ಏಲಿಯನ್ ರಿಜಿಸ್ಟ್ರೇಶನ್ ಆಕ್ಟಿನಿಂದ ವಿದೇಶಿಯರ ನೋಂದಣಿ ಇದೆ. ಹದಿನೆಂಟು ದಾಟಿದ ವಿದೇಶಿಯ ತನ್ನ ನೋಂದಣಿ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳ್ತದೆ. ಗ್ರೀನ್ ಕಾರ್ಡ್ ಇಲ್ಲದವರಿಗೆ ಐ-94 ಆ ದಾಖಲೆ. ಬಹಳ ಜನ ಅದನ್ನ ಕಂಪನಿಯ ವಕೀಲರಿಗೆ ಬಿಟ್ಟ ವಿಷಯ ಅಂದ್ಕೊಂಡಿರ್ತಾರೆ. ಇನ್ನು ಹೆಸರು: ಸಕಾರಣ ಅನುಮಾನದ ಮೇಲೆ ತಡೆದಾಗ ಹೆಸರು ಹೇಳಲೇಬೇಕು ಅಂತ ರಾಜ್ಯಗಳು ಕಾನೂನು ಮಾಡಬಹುದು ಅಂತ 2004ರಲ್ಲಿ ನೆವಾಡಾದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮನೆಯ ಹೊಸ್ತಿಲು ಬೇರೆ ಲೆಕ್ಕ. ತುರ್ತು ಸಂದರ್ಭ ಬಿಟ್ಟರೆ, ವಾರಂಟ್ ಇಲ್ಲದೆ ಮನೆಯೊಳಗೆ ನುಗ್ಗಿ ಬಂಧಿಸುವಂತಿಲ್ಲ ಅಂತ 1980ರಲ್ಲೇ ತೀರ್ಪಾಗಿದೆ. ‘ಒಳಗೆ ಬರಬಹುದಾ?’ ಅಂತ ಪೊಲೀಸ್ ನಯವಾಗಿ ಕೇಳಿದಾಗ ಅದು ನಿಜವಾಗಿಯೂ ಪ್ರಶ್ನೆ. ನಮ್ಮ ಸಂಸ್ಕಾರ ಮಾತ್ರ ‘ಬರ್ರಿ ಸಾಹೇಬ್ರ, ಚಹಾ ಕುಡೀರಿ’ ಅಂತ ಬಾಗಿಲು ತೆಗೆಸ್ತದೆ. ತೆಗೆದರೆ ಒಪ್ಪಿಗೆ ಕೊಟ್ಟ ಹಾಗೆ.

ಅಂದ ಹಾಗೆ, ನಾವು ಪಾಪ, ಅವರು ಕೆಟ್ಟವರು ಅಂತೇನಲ್ಲ. ಬನಹಟ್ಟಿಯ ಮನೆಗೆ ಜರ್ಮನ್ ಸ್ನೇಹಿತ ಬಂದು ಉಳಿದರೂ 24 ಗಂಟೆಯೊಳಗೆ ಫಾರಂ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಯಾರಿಗೆ ಗೊತ್ತಿದೆ?

ಇಷ್ಟೆಲ್ಲ ಕಾನೂನು ಓದಿಕೊಂಡವರಿಗೆ ನಿಭಾಯಿಸೋದು ಸುಲಭ. ನನಗೆ ಚಿಂತೆ ಓದಿಕೊಳ್ಳದವರದ್ದು, ಮೊಮ್ಮಗನನ್ನು ನೋಡಿಕೊಳ್ಳಲು ಆರು ತಿಂಗಳ ವೀಸಾದ ಮೇಲೆ ಹೋಗುವ ಅಪ್ಪ ಅವ್ವಂದಿರದ್ದು. 2015ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಊರಿನಲ್ಲಿ ಹೀಗೇ ಹೋಗಿದ್ದ ಗುಜರಾತಿನ 57 ವರ್ಷದ ಹಿರಿಯರೊಬ್ಬರು ಬೆಳಿಗ್ಗೆ ಮಗನ ಮನೆ ಹತ್ತಿರ ಅಡ್ಡಾಡ್ತಿದ್ದರು. ಯಾರೋ ಅಪರಿಚಿತ ಓಡಾಡ್ತಿದ್ದಾನೆ ಅಂತ ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಹಿರಿಯರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ‘ನೋ ಇಂಗ್ಲಿಷ್’, ‘ಇಂಡಿಯಾ’ ಅಂತಷ್ಟೇ ಹೇಳಿದರು. ಒಬ್ಬ ಅಧಿಕಾರಿ ಅವರನ್ನು ತಲೆಕೆಳಗಾಗಿ ನೆಲಕ್ಕೆ ಬಡಿದ. ಕುತ್ತಿಗೆಗೆ ಪೆಟ್ಟಾಗಿ ಮೈ ಭಾಗಶಃ ಸ್ವಾಧೀನ ತಪ್ಪಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಆದರೂ ಎರಡು ಸಲ ವಿಚಾರಣೆಯಾಗಿ ಎರಡು ಸಲವೂ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಆ ಅಧಿಕಾರಿಯನ್ನು ಬಿಡುಗಡೆ ಮಾಡಿದರು.

ಆ ಹಿರಿಯರು ಮಾಡಿದ್ದು ನಮ್ಮ ಕಡೆಯ ಯಾವ ಅಪ್ಪನಾದರೂ ಮಾಡುವ ಕೆಲಸ: ಬೆಳಿಗ್ಗೆ ಎದ್ದು ಓಣಿ ಸುತ್ತೋದು, ಅಕ್ಕಪಕ್ಕದ ಮನೆ ನೋಡ್ತಾ ನಿಲ್ಲೋದು. ಅಂಥವರ ಕಿಸೆಯಲ್ಲಿ ಪಾಸ್‌ಪೋರ್ಟಿನ ನಕಲು, ಮನೆ ನಂಬರು, ಮಗಳ ಫೋನು, ‘ನನಗೆ ಇಂಗ್ಲಿಷ್ ಬರುವುದಿಲ್ಲ, ಇವರಿಗೆ ಫೋನ್ ಮಾಡಿ’ ಅಂತ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಇರಲಿ. ತಡೆದಾಗ ಮೊದಲು ಎರಡೂ ಕೈ ತೋರಿಸಿ ನಿಲ್ಲಬೇಕು, ಚೀಟಿ ತೆಗೆಯಲು ಗಬಕ್ಕನೆ ಕಿಸೆಗೆ ಕೈ ಹಾಕಬಾರದು. ಇದನ್ನ ಮನೆಯಲ್ಲೇ ಎರಡು ಸಲ ಮಾಡಿ ತೋರಿಸಿ. ನಗ್ತಾರೆ, ನಗಲಿ.

ಬಂಧನದವರೆಗೆ ಹೋದರೆ ಇನ್ನೊಂದು ದಾರಿ ಇದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ವಿದೇಶಿಯನನ್ನು ಹಿಡಿದವರು ‘ನಿನ್ನ ದೇಶದ ದೂತಾವಾಸಕ್ಕೆ ತಿಳಿಸಬೇಕೇ?’ ಅಂತ ತಡಮಾಡದೆ ಅವನಿಗೆ ಹೇಳಲೇಬೇಕು. 2004ರಲ್ಲಿ ಮೆಕ್ಸಿಕೋ ಇದೇ ವಿಧಿ ಹಿಡಿದು ಅಮೆರಿಕದ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಗೆದ್ದಿತು. 2019ರ ಜುಲೈ 17ರಂದು ಕುಲಭೂಷಣ ಜಾಧವ್ ಪ್ರಕರಣದಲ್ಲಿ ಭಾರತ ಪಾಕಿಸ್ತಾನದ ವಿರುದ್ಧ ಗೆದ್ದದ್ದೂ ಇದರ ಮೇಲೆಯೇ. ಆದರೆ ಒಂದು ಗಂಟು. ಕೆಲವು ದೇಶಗಳ ಪ್ರಜೆಗಳನ್ನು ಬಂಧಿಸಿದರೆ ಅಮೆರಿಕದ ಪೊಲೀಸರು ಕೇಳದೆಯೂ ದೂತಾವಾಸಕ್ಕೆ ತಿಳಿಸಬೇಕು, ಚೀನಾ ಆ ಪಟ್ಟಿಯಲ್ಲಿದೆ. ಭಾರತ ಇಲ್ಲ. ‘ನಮ್ಮ ಕಾನ್ಸುಲೇಟಿಗೆ ತಿಳಿಸಿ’ ಅಂತ ಬಾಯಿಬಿಟ್ಟು ಹೇಳಿದರೆ ಮಾತ್ರ ಫೋನ್ ಹೋಗ್ತದೆ.